ಆಮೆ ಮರಿ ಮಕ್ಕಳ ಕೈಗೆ ಕೊಡ್ತೀವಿ ಅನ್ನೋ ಟೂರಿಗೆ ದುಡ್ಡು ಕಟ್ಟಬೇಡಿ

ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಆ ಜಾಹೀರಾತು ಮತ್ತೆ ಓಡಾಡುತ್ತಿದೆ. ಎರಡು ದಿನದ ಕರಾವಳಿ ಪ್ರವಾಸ, ಹೊನ್ನಾವರದ ಕಡೆ ಪ್ರಕೃತಿ ಕೇಂದ್ರ, ಕಾಂಡ್ಲಾ ಕಾಡು (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್), ಬೋಟಿಂಗ್, ಡಾಲ್ಫಿನ್, ರಾತ್ರಿ ಕಡಲಾಮೆ, ಮಕ್ಕಳ ಕೈಯಿಂದಲೇ ಆಮೆ ಮರಿಗಳನ್ನು ಸಮುದ್ರಕ್ಕೆ ಬಿಡಿಸುತ್ತೇವೆ, ಗ್ಯಾರಂಟಿ. ಇಲಾಖೆ ಪರವಾನಗಿ ಎಲ್ಲ ನಮ್ಮದೇ ಜವಾಬ್ದಾರಿ ಅಂತಲೂ ಇದೆ. ನಮ್ಮ ಮನೆಯವರು, ಪಕ್ಕದ ಮನೆಯವರು ಸೇರಿ ಕಳೆದ ಫೆಬ್ರವರಿಯಲ್ಲಿ ಇದಕ್ಕೇ ದುಡ್ಡು ಕಟ್ಟಿ ಹೋಗಿಬಂದೆವು. ಏಜೆಂಟ್ ಹೆಸರು ಇಲ್ಲಿ ಹಾಕುತ್ತಿಲ್ಲ, ದೂರು ಕೊಟ್ಟಿದ್ದೇವೆ, ಅದು ನಡೆಯುತ್ತಿದೆ. ಹೆಸರು ಯಾವುದಾದರೂ ಇರಲಿ, ಹೇಳುವ ಮಾತು ಇದೇ ಇರುತ್ತೆ. ಆ ಮಾತನ್ನು ಗುರುತಿಟ್ಟುಕೊಳ್ಳಿ.

ತಲೆಗೆ 3,800 ರೂಪಾಯಿ. ಅದರಲ್ಲಿ 600 ರೂಪಾಯಿ "ಅರಣ್ಯ ಇಲಾಖೆ ಪರ್ಮಿಷನ್" ಅಂತ ಬೇರೆಯಾಗಿ ಬರೆದುಕೊಟ್ಟಿದ್ದರು. ರಸೀದಿ ಕೇಳಿದೆ. "ಅಕ್ಕಾರೆ, ಅದೆಲ್ಲ ಅಲ್ಲಿ ಹೋದ ಮೇಲೆ ಸಿಗುತ್ತೆ, ನೀವು ಸುಮ್ನೆ ಬಂದು ಗಾಡಿ ಹತ್ರಿ" ಅಂದರು. ಬೆಳಗಿನ ಜಾವ ಟಿಟಿ (ಟೆಂಪೋ ಟ್ರಾವೆಲರ್) ಹೊರಟಿತು, ಹೊನ್ನಾಳಿ, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪ ಘಾಟಿ ಇಳಿದು ಹೊನ್ನಾವರ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಹೆಚ್ಚು ಕಡಿಮೆ 250 ಕಿಲೋಮೀಟರ್. ನಮ್ಮ ಅತ್ತೆಗೆ ಘಾಟಿ ತಿರುವಿನಲ್ಲಿ ವಾಂತಿ ಬಂದರೂ ಗಾಡಿ ನಿಲ್ಲಿಸಲಿಲ್ಲ, ಟೈಮ್ ಮೀರುತ್ತೆ ಅಂತ. ಯಾವ ಟೈಮ್ ಅಂತ ಆಮೇಲೆ ಗೊತ್ತಾಯಿತು, ಊಟದ ಹೋಟೆಲ್‌ನವರಿಗೆ ಹೇಳಿದ್ದ ಟೈಮ್.

ಪ್ರಕೃತಿ ಕೇಂದ್ರದ ಗೇಟಿನಲ್ಲಿ ನಮ್ಮ ಹೆಸರಿನಲ್ಲಿ ಯಾವ ಬುಕಿಂಗೂ ಇರಲಿಲ್ಲ. ಅಲ್ಲಿನ ಸಿಬ್ಬಂದಿ ಒಳ್ಳೆಯವರು, ಅವರದ್ದು ಏನೂ ತಪ್ಪಿಲ್ಲ. ಟಿಕೆಟ್ ಯಾರು ಬೇಕಾದರೂ ಕೌಂಟರ್‌ನಲ್ಲೇ ತೆಗೆದುಕೊಳ್ಳಬಹುದು, ಇದಕ್ಕೆ ಮೊದಲೇ ಪರ್ಮಿಷನ್ ಅಂತೇನೂ ಇಲ್ಲ ಅಂದರು. ಅಂದರೆ ಆ 600 ಯಾತಕ್ಕೆ? ಟಿಕೆಟ್ ದುಡ್ಡೂ ಕೊನೆಗೆ ನಾವೇ ಕೊಟ್ಟೆವು.

ಒಳಗೆ ಹೋದರೆ ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆಯ ದಾರಿ. ಜಾಗ ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ. ಆದರೆ ನಾವು ಹೋದದ್ದು ಭರತದ ಹೊತ್ತು, ನೀರು ತುಂಬಿತ್ತು, ಬೇರುಗಳೂ ಕೆಸರೂ ಎಲ್ಲ ಮುಳುಗಿದ್ದವು. ನಮ್ಮಂಥ ಬಯಲುಸೀಮೆಯವರಿಗೆ ಇದು ಗೊತ್ತಿರುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ. ಏರಿದ ನೀರು ಇಳಿಯಲು ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. ಈ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಹಾಗಾಗಿ ಇವತ್ತಿನ ಟೈಮ್ ಮುಂದಿನ ವಾರಕ್ಕೆ ಬರುವುದಿಲ್ಲ. ನೀರು ಇಳಿದಾಗಲೇ ಕಾಂಡ್ಲಾದ ಉಸಿರಾಡುವ ಬೇರುಗಳು ಕಾಣುವುದು, ಏಡಿಗಳು ಬಿಲದಿಂದ ಹೊರಗೆ ಬರುವುದು, ಕೆಸರಿನ ಮೇಲೆ ಕುಪ್ಪಳಿಸುವ ಮೀನು ಕಾಣುವುದು, ಅದನ್ನು ತಿನ್ನಲು ಹಕ್ಕಿಗಳು ಇಳಿಯುವುದು. ಗೇಟಿನ ಹುಡುಗ ಹೇಳಿದ, ಸಂಜೆ ಐದರ ಮೇಲೆ ಬಂದಿದ್ದರೆ ಎಲ್ಲ ಕಾಣುತ್ತಿತ್ತು ಅಂತ. ವರ್ಷಗಟ್ಟಲೆ ಇಲ್ಲಿಗೆ ಜನರನ್ನು ಕರೆತರುವ ಏಜೆಂಟ್‌ಗೆ ಇದು ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ. ಗಾಡಿಯ ಲೆಕ್ಕಕ್ಕೆ ಮಧ್ಯಾಹ್ನ ಅನುಕೂಲ, ಅಷ್ಟೇ.

ಮುಂದೆ ಬೋಟ್. ಇಲ್ಲಿಂದ ನನಗೆ ಸಿಟ್ಟು ಬರಲು ಶುರುವಾದದ್ದು. ಲೈಫ್ ಜಾಕೆಟ್ ಜನರಿಗಿಂತ ಕಡಿಮೆ ಇದ್ದವು, ಮಕ್ಕಳ ಅಳತೆಯದು ಒಂದೂ ಇರಲಿಲ್ಲ. ಕೇಳಿದರೆ "ಹೊಳೆ ತಾನೇ, ಸಮುದ್ರಕ್ಕೆ ಹೋಗಲ್ಲ" ಅಂದರು. ಆಮೇಲೆ ಡಾಲ್ಫಿನ್ ತೋರಿಸುತ್ತೇವೆ ಅಂತ ಅಳಿವೆಯ ಕಡೆಗೇ ತಿರುಗಿಸಿದರು. ಶರಾವತಿ ಸಮುದ್ರ ಸೇರುವ ಆ ಅಳಿವೆಯಲ್ಲಿ ಮರಳಿನ ದಿಬ್ಬಗಳಿವೆ, ಮೀನುಗಾರರ ದೊಡ್ಡ ಬೋಟುಗಳೇ ಅಲ್ಲಿ ಅಪಘಾತಕ್ಕೆ ಸಿಕ್ಕಿವೆ. ಜಾಕೆಟ್ ಇಲ್ಲದ ಮಕ್ಕಳನ್ನು ಕೂರಿಸಿಕೊಂಡು ಅಲ್ಲಿಗೆ! ಪಕ್ಕದ ಮನೆಯ ಮೇಷ್ಟ್ರು ಗಟ್ಟಿಯಾಗಿ ಜಗಳ ತೆಗೆದ ಮೇಲೆ ವಾಪಸ್ ತಿರುಗಿಸಿದರು. ಬರುವಾಗ ಕಾಂಡ್ಲಾ ಗಿಡದ ಮೇಲೆ ಕೂತಿದ್ದ ಬೆಳ್ಳಕ್ಕಿಗಳ ಹತ್ತಿರ ಬೋಟ್ ನುಗ್ಗಿಸಿ ಹಾರನ್ ಹೊಡೆದರು, ಎಲ್ಲ ಒಟ್ಟಿಗೆ ಹಾರಿದರೆ ಫೋಟೋ ಚೆನ್ನಾಗಿ ಬರುತ್ತೆ ಅಂತ.

ಸುಮ್ನೆ ದುಡ್ಡು ಹೋದ ಕಥೆ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬರೆಯುತ್ತಿರುವುದು ಆ ರಾತ್ರಿಗಾಗಿ.

ಹೊನ್ನಾವರದ ಈ ಭಾಗದ ತೀರಕ್ಕೆ ಆಲಿವ್ ರಿಡ್ಲೆ ಅನ್ನುವ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಹೆಣ್ಣಾಮೆ ಸಾಮಾನ್ಯವಾಗಿ ರಾತ್ರಿ ಬಂದು, ಮರಳು ತೋಡಿ, ಸುಮಾರು ನೂರು ಮೊಟ್ಟೆ ಇಟ್ಟು, ಮುಚ್ಚಿ ಹೋಗುತ್ತದೆ. 45ರಿಂದ 60 ದಿನದಲ್ಲಿ ಮರಿ ಹೊರಗೆ ಬರುತ್ತವೆ. ಅರಣ್ಯ ಇಲಾಖೆಯವರೂ ಊರಿನ ಮೀನುಗಾರರೂ ಸೇರಿ ಗೂಡಿನ ಸುತ್ತ ಬಲೆ ಕಟ್ಟಿ, ತಾರೀಖು ಬರೆದು ಕಾಯುತ್ತಾರೆ. ಇಲ್ಲೇ ಹತ್ತಿರ ರಾಜ್ಯದ ಮೊದಲ ಸಮುದ್ರ ವನ್ಯಜೀವಿ ಧಾಮವೂ ಆಗಿದೆ, ಅಪ್ಸರಕೊಂಡ–ಮುಗಳಿ. ಅಂಥ ತೀರಕ್ಕೆ ನಮ್ಮ ಟೂರಿನ ಗೈಡ್ ರಾತ್ರಿ ಹತ್ತರ ಮೇಲೆ ಮೂರು ಗಾಡಿಯ ಜನರನ್ನು ಇಳಿಸಿದ. ಎಲ್ಲರ ಕೈಯಲ್ಲೂ ಮೊಬೈಲ್ ಲೈಟ್, ಅವನ ಕೈಯಲ್ಲಿ ದೊಡ್ಡ ಟಾರ್ಚ್. ಮರಿ ಎಲ್ಲಿ ಅಂತ ಮಕ್ಕಳು ಕೇಳುತ್ತಿದ್ದವು. ಇವತ್ತು ಯಾವ ಗೂಡೂ ಒಡೆಯುವ ದಿನ ಅಲ್ಲ, ಅದು ಅವನಿಗೂ ಗೊತ್ತು. ಬಲೆ ಎತ್ತಿ ಮರಳು ಕೆದಕಲು ಹೋದ. ನಾನು, ಮೇಷ್ಟ್ರು ಇಬ್ಬರೂ ಅಡ್ಡ ನಿಂತೆವು.

ಅಷ್ಟರಲ್ಲಿ ಯಾರೋ ಕೂಗಿದರು. ಅಲೆಯ ಅಂಚಿನಿಂದ ಸ್ವಲ್ಪ ಮೇಲಕ್ಕೆ ಒಂದು ಆಮೆ ಬಂದಿತ್ತು. ದೊಡ್ಡದು. ನಮ್ಮ ಲೈಟುಗಳೆಲ್ಲ ಅದರ ಮೇಲೆ ಬಿದ್ದವು, ಜನ ಓಡಿದರು, ಒಬ್ಬರು ಪಕ್ಕದಲ್ಲಿ ಮಗುವನ್ನು ನಿಲ್ಲಿಸಿ ಸೆಲ್ಫಿ ತೆಗೆಯಲು ನೋಡಿದರು. ಅದು ತಿರುಗಿ ನೀರಿಗೆ ಹೋಯಿತು, ಮೊಟ್ಟೆ ಇಡದೆ.

ಕಾವಲಿನವರು ಓಡಿ ಬಂದರು, ಒಬ್ಬ ಇಲಾಖೆಯವರು, ಇಬ್ಬರು ಊರಿನ ಮೀನುಗಾರರು. "ಮೊದಲು ಲೈಟ್ ಆಫ್ ಮಾಡಿ, ಮೊದಲು ಲೈಟ್ ಆಫ್ ಮಾಡಿ" ಅಂತ ಕೂಗುತ್ತಲೇ ಬಂದರು. ಅವರಲ್ಲಿ ವಯಸ್ಸಾದವರೊಬ್ಬರು ಆಮೇಲೆ ನಮ್ಮನ್ನು ಕೂರಿಸಿಕೊಂಡು ತಾಳ್ಮೆಯಿಂದ ಹೇಳಿದರು. ಬೆಳಕು ಕಂಡರೆ ತಾಯಿ ಆಮೆ ಹೀಗೇ ಹಿಂದಕ್ಕೆ ಹೋಗುತ್ತೆ. ಮರಿಗಳಿಗೆ ಇನ್ನೂ ಕಷ್ಟ. ಹೊರಗೆ ಬಂದ ತಕ್ಷಣ ಅವು ಬೆಳಕಿರುವ ಕಡೆಗೆ ನಡೆಯುತ್ತವೆ, ಕತ್ತಲಲ್ಲಿ ಸಮುದ್ರದ ಕಡೆಯೇ ಹೆಚ್ಚು ಬೆಳಕು, ಆದ್ದರಿಂದ ನೀರು ಸೇರುತ್ತವೆ. ಟಾರ್ಚ್ ಹಿಡಿದರೆ ದಡದ ಕಡೆ ತಿರುಗಿ ನಡೆದು ನಡೆದು ಸುಸ್ತಾಗಿ ನಾಯಿಗೋ ಏಡಿಗೋ ಸಿಗುತ್ತವೆ. ಗೂಡಿನಿಂದ ನೀರಿನ ತನಕ ಅವು ತಾವೇ ನಡೆಯಬೇಕು, ಕೈಯಲ್ಲಿ ಎತ್ತಿ ಬಿಡುವುದು ಪುಣ್ಯದ ಕೆಲಸ ಅಲ್ಲ. "ಇಂಥ ರಾತ್ರಿ ಮರಿ ಬರುತ್ತೆ ಅಂತ ನಮಗೇ ಹೇಳಲು ಆಗುವುದಿಲ್ಲ, ನಿಮಗೆ ಗ್ಯಾರಂಟಿ ಕೊಟ್ಟವರು ಯಾರು?" ಅಂತ ಕೇಳಿದರು. ಗೈಡ್ ಅಷ್ಟೊತ್ತಿಗೆ ಗಾಡಿ ಹತ್ತಿ ಕೂತಿದ್ದ.

ಇದು ಬರೀ ನೀತಿಯ ಮಾತಲ್ಲ, ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಈ ಆಮೆ ಇದೆ. ಆ ಪಟ್ಟಿಯ ಪ್ರಾಣಿಯನ್ನು ಹಿಡಿದರೆ, ಮೊಟ್ಟೆ ಮುಟ್ಟಿ ಹಾಳು ಮಾಡಿದರೆ 3ರಿಂದ 7 ವರ್ಷದ ತನಕ ಜೈಲು. ನಮ್ಮ ಜಗಳೂರಿನ ರಂಗಯ್ಯನದುರ್ಗದ ಕಾಡಿನ ಕೊಂಡುಕುರಿಯೂ (ನಾಲ್ಕು ಕೊಂಬಿನ ಹುಲ್ಲೆ) ಅದೇ ಪಟ್ಟಿಯಲ್ಲಿದೆ. ಅದರ ಮರಿಯನ್ನು ಹಿಡಿದು ತಂದು ಮಕ್ಕಳ ಕೈಗೆ ಕೊಡ್ತೀವಿ ಅಂತ ಯಾರಾದರೂ ಬೋರ್ಡ್ ಹಾಕಿದರೆ ನಾವು ಸುಮ್ಮನಿರ್ತೀವಾ? ಕಡಲಾಮೆಗೂ ಅದೇ ನ್ಯಾಯ ಅಲ್ವಾ. ಆ ರಾತ್ರಿ ಗೈಡ್ ಗೂಡು ಕೆದಕಿದ್ದರೆ ಜೊತೆಗೆ ನಿಂತಿದ್ದ ನಮ್ಮ ಮೇಲೂ ಕೇಸ್ ಆಗುವ ಸಾಧ್ಯತೆ ಇತ್ತು, ಏಜೆಂಟ್ ದಾವಣಗೆರೆಯಲ್ಲಿ ಆರಾಮಾಗಿ ಇರುತ್ತಿದ್ದ.

ಹೋಗಲೇಬೇಡಿ ಅನ್ನುತ್ತಿಲ್ಲ. ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಆದರೆ ನೀವೇ ಹೊರಡಿ, ಹೊನ್ನಾವರದ ಅರಣ್ಯ ಕಚೇರಿಗೆ ಮೊದಲೇ ಫೋನ್ ಮಾಡಿ ಯಾವುದು ತೆರೆದಿದೆ, ನೀರು ಎಷ್ಟು ಹೊತ್ತಿಗೆ ಇಳಿಯುತ್ತೆ ಅಂತ ಕೇಳಿ. ಹಿಂದಿನ ರಾತ್ರಿಯೇ ಹೋಗಿ ಉಳಿದರೆ ಇನ್ನೂ ಒಳ್ಳೆಯದು, ಒಂದೇ ದಿನದಲ್ಲಿ ಘಾಟಿ ಇಳಿದು ಬೋಟ್ ಹತ್ತುವುದು ವಯಸ್ಸಾದವರಿಗೆ ಆಗುವುದಿಲ್ಲ. ಆಮೆ ನೋಡುವ ಆಸೆ ಇದ್ದರೆ ಅದನ್ನೂ ಅರಣ್ಯ ಕಚೇರಿಯಲ್ಲೇ ಕೇಳಿ, ಅವರು ಬೇಡ ಅಂದರೆ ಬಿಟ್ಟುಬಿಡಿ. ಬೋಟಿನಲ್ಲಿ ಮಕ್ಕಳಿಗೆ ಸರಿಹೋಗುವ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ, ದುಡ್ಡು ಹೋದರೆ ಹೋಗಲಿ. ಹಕ್ಕಿ ನೋಡುವುದೇ ಆಸೆ ಆಗಿದ್ದರೆ ಅಷ್ಟು ದೂರವೂ ಬೇಕಿಲ್ಲ, ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ ಕೆರೆ ಇದೆ. ಕರಾವಳಿಯ ಅಘನಾಶಿನಿ ಅಳಿವೆಯ ಜೊತೆಗೇ 2024ರಲ್ಲಿ ಅದಕ್ಕೂ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿದೆ.

ಈಗಾಗಲೇ ಇಂಥ ಟೂರಿಗೆ ದುಡ್ಡು ಕಟ್ಟಿದ್ದರೆ, ಜಾಹೀರಾತಿನ ಸ್ಕ್ರೀನ್‌ಶಾಟ್, ದುಡ್ಡು ಕಳಿಸಿದ ದಾಖಲೆ, ಮಾತುಕತೆಯ ಮೆಸೇಜ್ ಯಾವುದನ್ನೂ ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನಾವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಹೊನ್ನಾವರಕ್ಕೆ ಓಡಾಡಬೇಕಿಲ್ಲ, ಕಟ್ಟಿದ ದುಡ್ಡು 5 ಲಕ್ಷದ ತನಕ ಇದ್ದರೆ ದೂರಿಗೆ ಶುಲ್ಕವೂ ಇಲ್ಲ. ನಾವು ಹಾಗೇ ಮಾಡಿದ್ದೇವೆ. ತೀರದಲ್ಲಿ ಯಾರಾದರೂ ಗೂಡು ಕೆದಕುವುದು ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಅಲ್ಲಿಂದಲೇ ಫೋನ್ ಮಾಡಿ. ಇದೇ ಏಜೆಂಟ್ ಜೊತೆ ಹೋಗಿಬಂದವರು ದಾವಣಗೆರೆ, ಹರಿಹರ, ಚಿತ್ರದುರ್ಗದಲ್ಲಿ ಇನ್ನೂ ಇದ್ದಾರೆ ಅಂತ ಗೊತ್ತಾಗಿದೆ, ಅವರಲ್ಲಿ ಯಾರ ಹತ್ತಿರವಾದರೂ ಆ "ಪರ್ಮಿಷನ್" ದುಡ್ಡಿನ ಚೀಟಿ ಇದ್ದರೆ ನನಗೆ ಮೆಸೇಜ್ ಮಾಡಿ, ನಮ್ಮ ದೂರಿನ ಜೊತೆ ಸೇರಿಸುತ್ತೇವೆ.