‘8 ವಾರದಲ್ಲಿ 50 ಲ್ಯಾಟಿನ್ ಬೀಟ್’ಗೆ ಹಣ ಕಟ್ಟುವ ಮುನ್ನ

ಈ ಜಾಹೀರಾತು ನೋಡಿ 18,000 ರೂಪಾಯಿ ಕಟ್ಟಿದವನು ನಾನು. ಬೆಂಗಳೂರಿನ ವಾದ್ಯವೃಂದಗಳಲ್ಲಿ ಹತ್ತು ವರ್ಷ ಡ್ರಮ್ಸ್ ನುಡಿಸಿದವನಿಗೆ ಇಷ್ಟಾದರೂ ಬುದ್ಧಿ ಇರಬೇಕಿತ್ತು.

ತರಗತಿಯಲ್ಲಿ ವಾರಕ್ಕೆ ಆರೇಳು ಬೀಟ್. ಮೆಟ್ರೊನೋಮ್ ಹಾಕಿಕೊಂಡು ನುಡಿಸಿ ವಿಡಿಯೊ ಕಳುಹಿಸಿದರೆ ‘ಪಾಸ್’. ಸಾಂಬಾ, ಸೋಂಗೊ, ಮಾಂಬೊ, ಬೊಸಾ ನೋವಾ ಎಲ್ಲವೂ ಒಂದೇ ಹಾಳೆಯಲ್ಲಿ, ದಿನಸಿ ಪಟ್ಟಿಯ ಹಾಗೆ. ಒಂದು ಬದಿಗೆ ಮೂರು ಪೆಟ್ಟು, ಇನ್ನೊಂದು ಬದಿಗೆ ಎರಡು ಪೆಟ್ಟು ಬೀಳುವ ‘ಕ್ಲಾವೆ’ ಎಂಬ ಲಯದ ಮಾದರಿ ಕ್ಯೂಬಾದ ಸಂಗೀತಕ್ಕೆ ಬೆನ್ನೆಲುಬು. ಅದಕ್ಕೆ ಸಿಕ್ಕಿದ್ದು ಅರ್ಧ ಪುಟ. ‘3-2, 2-3 ಎರಡೂ ಒಂದೇ, ತಿರುಗಿಸಿದರೆ ಆಯಿತು’ ಎಂದರು. ನಾನೂ ನಂಬಿದೆ. ಕ್ಲಾವೆಯ ಒಂದು ಬಗೆಯಾದ ಸೋನ್ ಕ್ಲಾವೆಯನ್ನು ‘ತಕಿಟ ತಕಿಟ ತಕಧಿಮಿ ತಕ ತಕಧಿಮಿ’ ಎಂದು ಬಾಯಲ್ಲಿ ಹೇಳಿಕೊಂಡು ಪ್ರತಿ ಪದದ ಮೊದಲ ಅಕ್ಷರಕ್ಕೆ ಪೆಟ್ಟು ಹಾಕಿದರೆ ಹದಿನಾರು ಮಾತ್ರೆ ಸರಿಯಾಗಿ ಕೂರುತ್ತದೆ. ಚಿಕ್ಕಂದಿನಿಂದ ಮೃದಂಗ ಕೇಳಿದ ಕಿವಿಗೆ ಇದೇನು ಮಹಾ ಎಂಬ ಜಂಬ ಬೇರೆ.

ಊರಿಗೆ ಬಂದಿದ್ದ ಕ್ಯೂಬಾದ ಪಿಯಾನೊ ವಾದಕರೊಬ್ಬರ ಜೊತೆ ನುಡಿಸುವ ಅವಕಾಶ ಬಂದಾಗ ಆ ಜಂಬ ಇಳಿಯಿತು. ಹಾಡು ಎರಡು ಪೆಟ್ಟಿನ ಬದಿಯಿಂದ ಹೊರಟಿತ್ತು. ನಾನು ಅಭ್ಯಾಸಬಲದಿಂದ ಸಮ, ಅಂದರೆ ಆವರ್ತದ ಮೊದಲ ಪೆಟ್ಟು, ಮೂರು ಪೆಟ್ಟಿನ ಬದಿಯದೇ ಎಂದುಕೊಂಡು ಅಲ್ಲಿಂದಲೇ ಕಾಸ್ಕರಾ ಎಂಬ, ಡ್ರಮ್ಮಿನ ಪಕ್ಕದ ಮೈ ಮೇಲೆ ನುಡಿಸುವ ಬೀಟ್ ಹಿಡಿದೆ. ಲಯ ಕೂದಲೆಳೆಯಷ್ಟೂ ಜಾರಲಿಲ್ಲ, ಆದರೂ ಒಂದು ಕಾಜಾ ತಪ್ಪಿಸಿ ಗುಂಡಿ ಹಾಕಿದ ಅಂಗಿಯಂತೆ ಹಾಡು ಸೊಟ್ಟಗಾಯಿತು. ಅವರು ಎಡಗೈಯನ್ನು ಕೀಲಿಗಳ ಮೇಲಿನಿಂದ ತೆಗೆದು ಪಿಯಾನೊದ ಮರದ ಮೇಲೆ ಕ್ಲಾವೆ ಬಡಿದು ತೋರಿಸಿದರು. ‘ಕ್ರುಸಾದೊ’ ಎಂದರು. ಅಡ್ಡ ಬಿದ್ದಿದೆ ಎಂದರ್ಥ. ಅಲ್ಲಿ ಒಮ್ಮೆ ಹಿಡಿದ ಕ್ಲಾವೆ ನಡುವೆ ಮಗುಚುವುದಿಲ್ಲ. ಹಾಡಿನ ಸಾಲೇ ಬೇಕಾದರೆ ಇನ್ನೊಂದು ಬದಿಯಿಂದ ಎತ್ತಿಕೊಳ್ಳುತ್ತದೆ. ನಮ್ಮಲ್ಲಿ ಎಡುಪು, ಅಂದರೆ ಹಾಡು ಎತ್ತಿಕೊಳ್ಳುವ ಜಾಗ, ಬದಲಾದರೂ ತಾಳ ಬದಲಾಗುವುದಿಲ್ಲವಲ್ಲ, ಹಾಗೆ. ಇದನ್ನು ಒಬ್ಬರು ಹೀಗೆ ಹೇಳಿಕೊಟ್ಟಿದ್ದರೆ ನನಗೆ ಎರಡು ನಿಮಿಷ ಸಾಕಿತ್ತು.

ಪಕ್ಕದಲ್ಲಿ ಕೊಂಗಾ ಎಂಬ ಉದ್ದ ಕೈಡೋಲಿನ ವಾದಕರಿದ್ದರು. ಅವರು ನುಡಿಸುತ್ತಿದ್ದ ತುಂಬಾವೊ ಎಂಬ ಕೊಂಗಾದ ಮೂಲ ಬೀಟನ್ನೇ ನಾನು ಟಾಮ್‌ಗಳ ಮೇಲೆ ನುಡಿಸುತ್ತಿದ್ದೆ, ಹಾಳೆಯಲ್ಲಿ ಹಾಗಿತ್ತು! ಎರಡನೆಯ ಹಾಡಿನಲ್ಲಿ ಅವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತ ಕುಳಿತರು. ಕೊಂಗಾ, ಟಿಂಬಾಲೆ, ಬೊಂಗೊ ಎಂದು ಮೂವರು ಹಂಚಿಕೊಳ್ಳುವ ಕೆಲಸವನ್ನು ಡ್ರಮ್ ಕಿಟ್ ಒಂದಕ್ಕೇ ಇಳಿಸಿದ ಬೀಟ್ ಅದು. ಅವರು ವೇದಿಕೆಯಲ್ಲಿದ್ದರೆ ಅವರ ಪಾಲನ್ನು ಬಿಡಬೇಕು.

ಬ್ರೆಜಿಲ್‌ನ ಹಾಡುಗಳ ಕಥೆ ಬೇರೆ. ಸಾಂಬಾದಲ್ಲಿ ಸುರ್ದೊ ಎಂಬ ದೊಡ್ಡ ಡೋಲಿನ ಭಾರದ ಪೆಟ್ಟು ಬೀಳುವುದು ಎರಡನೆಯ ಎಣಿಕೆಗೆ. ಹಾಳೆಯಲ್ಲಿ ಕಾಲಲ್ಲಿ ತುಳಿಯುವ ಕಿಕ್ ಡ್ರಮ್ಮಿನ ಚುಕ್ಕೆಗಳೆಲ್ಲ ಒಂದೇ ಗಾತ್ರದಲ್ಲಿದ್ದವು. ನಾನು ಮೊದಲ ಎಣಿಕೆಗೇ ಜೋರಾಗಿ ತುಳಿದೆ. ಮೆರವಣಿಗೆ ಪೊಲೀಸ್ ಕವಾಯತಾಯಿತು. ಬೊಸಾ ನೋವಾಕ್ಕೆ ರಿಮ್ ಮೇಲೆ ಕ್ಯೂಬಾದ ಕ್ಲಾವೆಯನ್ನೇ ಹಾಕಿದೆ. ಅಲ್ಲಿ ರೂಢಿಯಲ್ಲಿರುವುದು ‘ತಕಿಟ ತಕಿಟ ತಕಧಿಮಿ ತಕಿಟ ತಕಿಟ’. ಕೊನೆಯ ಪೆಟ್ಟು ಒಂದೇ ಒಂದು ಮಾತ್ರೆ ತಡ, ಆದರೆ ಆ ತೂಗಾಟವೆಲ್ಲ ಅದರಲ್ಲೇ ಇದೆ.

ಸೇರುವ ಮುನ್ನ ಕಲಿಸುವವರನ್ನು ಕೇಳಿ: ಈ ಬೀಟ್‌ನಲ್ಲಿ ಬಲಗೈ ಯಾವ ವಾದ್ಯದ ಪಾಲು, ಕಾಲು ಯಾವುದರದು? 2-3ರಲ್ಲಿರುವ ಹಾಡೊಂದನ್ನು ಹಾಕಿ ಚಪ್ಪಾಳೆಯಲ್ಲಿ ಕ್ಲಾವೆ ಹಿಡಿಯಲು ಹೇಳಿ. ತಡವರಿಸಿದರೆ ಎದ್ದು ಬನ್ನಿ. ಸೋಂಗೊದ ಬಗ್ಗೆಯೂ ವಿಚಾರಿಸಿ. 1969ರಲ್ಲಿ ಹುಟ್ಟಿದ ಕ್ಯೂಬಾದ ಲೋಸ್ ವಾನ್ ವಾನ್ ತಂಡದಲ್ಲಿ ಡ್ರಮ್ಸ್ ವಾದಕ ಚಾಂಗಿತೊ ಡ್ರಮ್ ಕಿಟ್ ಮೇಲೆಯೇ ಬೆಳೆಸಿದ ಶೈಲಿ ಅದು. ಅವರ ಹೆಸರನ್ನೇ ಕೇಳದವರು ಸೋಂಗೊ ಕಲಿಸುತ್ತೇನೆಂದರೆ ನಾನಂತೂ ನಂಬುವುದಿಲ್ಲ.

ಹಣ ವಾಪಸ್ ಕೇಳಿದೆ. 50 ವಿಡಿಯೊಗಳಲ್ಲೂ ನೀವು ಪಾಸಾಗಿದ್ದೀರಿ, ಹಾಗಾಗಿ ಕೊಡಲು ಬರುವುದಿಲ್ಲ ಎಂದರು.