ಮೂರೂವರೆ ವರ್ಷ, 41 ಸಾವಿರ ಕಿ.ಮೀ.: ಗಾಡಿ ಚಲೋ ಐತಿ, ಅದು ತೋರಿಸೋ ರೇಂಜ್ ಮಾತ್ರ ನಂಬಬ್ಯಾಡ್ರಿ

ಸಿಂಧನೂರಿನ್ಯಾಗ ರೈಸ್ ಮಿಲ್ ಲೆಕ್ಕ ಬರಿಯೋ ಕೆಲಸ ನಂದು. ದಿನಾ ಹೋಗಿ ಬರೋದು 26 ಕಿ.ಮೀ., ತಿಂಗಳಿಗೆ ಪೆಟ್ರೋಲಿಗಂತ ಎರಡು ಸಾವಿರ ತಗದಿಡ್ತೀನಿ, ಅದು ದಾಟಿದ್ರ ಬ್ಯಾರೆ ಖರ್ಚಿನಾಗ ಕೊರತಿ ಬೀಳತೈತಿ. ಗಾಡಿ ಅಂದ್ರ 160 ಸಿಸಿ ಬೈಕು, ಎಫ್‌ಐ (ಕಾರ್ಬೊರೇಟರ್ ಬದ್ಲಿ ಪಂಪಿನ ಒತ್ತಡದಾಗ ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸೋ ಫ್ಯುಯೆಲ್ ಇಂಜೆಕ್ಷನ್), ಟ್ಯಾಂಕ್ 10 ಲೀಟರ್. ಉಳಿದಿದ್ದು ಬ್ರೋಷರ್‌ನ್ಯಾಗ ನೋಡೇ ಇರ್ತೀರಿ, ಪವರ್ ಎಷ್ಟು ಟಾರ್ಕ್ ಎಷ್ಟು ಅಂತ ನಾ ಬರಿಯಲ್ಲ.

ತಗೋಬೇಕಾದ್ರ ನನಗ ಭಾಳ ಹಿಡಿಸಿದ್ದು ಮೀಟರ್‌ನ್ಯಾಗ ಬರೋ ಒಂದು ನಂಬರ್. ಟ್ಯಾಂಕಿನ್ಯಾಗಿನ ಪೆಟ್ರೋಲಿಗೆ ಇನ್ನೂ ಎಷ್ಟು ಕಿ.ಮೀ. ಹೋಗ್ತೈತಿ ಅಂತ ಅದೇ ಹೇಳತೈತಿ, ಅದಕ್ಕ ರೇಂಜ್ ಅಂತಾರ. ಮೊದ್ಲು ನಮ್ಮಪ್ಪನ ಹಳೇ ಗಾಡ್ಯಾಗ ಮುಳ್ಳು ಕೆಟ್ಟು ವರ್ಷಗಟ್ಟಲೆ ಆಗಿತ್ತು, ಟ್ಯಾಂಕ್ ಮುಚ್ಚಳ ತಗದು ಗಾಡಿ ಅಲ್ಲಾಡ್ಸಿ ಸಪ್ಪಳ ಕೇಳಿ ಅಂದಾಜು ಮಾಡ್ತಿದ್ವಿ. ಹಂಗಾಗಿ ಈ ನಂಬರ್ ನೋಡಿದಾಗ ಇನ್ನ ಆ ಚಿಂತಿ ಇಲ್ಲ ಅಂತ ಖರೇವಂದ್ರ ಖುಷಿ ಆಗಿತ್ತು.

ಗಾಡಿ ಬಂದ ದಿನದಿಂದ ಒಂದು ನೋಟ್‌ಬುಕ್ ಇಟ್ಟೀನಿ. ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಆರಕ್ಕ ಅದೇ ಬಂಕಿಗೆ ಹೋಗ್ತೀನಿ, ಅದೇ ಜಾಗದಾಗ ಗಾಡಿ ನೆಟ್ಟಗ ಹಿಡದು ನಿಲ್ಲಿಸ್ತೀನಿ, ಯಾಕಂದ್ರ ಸೈಡ್ ಸ್ಟ್ಯಾಂಡ್ ಮ್ಯಾಲ ವಾಲಿಸಿದ್ರ ಟ್ಯಾಂಕಿನಾಗ ಅಷ್ಟು ಹಿಡಿಯಲ್ಲ, ಫುಲ್ ಟು ಫುಲ್ ಲೆಕ್ಕ (ಒಮ್ಮೆ ಫುಲ್ ಮಾಡ್ಸಿ ಓಡಿಸಿ, ಮತ್ತ ಫುಲ್ ಆಗಾಕ ಎಷ್ಟು ಲೀಟರ್ ಹಿಡೀತು ಅಂತ ನೋಡೋದು) ತಪ್ಪತೈತಿ. ಬಂಕಿನ ಹುಡುಗ ಜೀರೋ ತೋರಿಸಿದ ಮ್ಯಾಲ ಹಾಕ್ಸೋದು, ಪಂಪ್ ಕಟ್ ಆದ ಮ್ಯಾಲ ಒಂದು ಹನಿನೂ ಹೆಚ್ಚಿಗಿ ಬ್ಯಾಡ ಅಂತೀನಿ. ನಮ್ಮ ರಾಯಚೂರು ಸೀಮೆ ಬಿಸಿಲಿಗೆ ಪೆಟ್ರೋಲ್ ಉಬ್ಬತೈತಿ, ಬಾಯಿ ತನಕ ತುಂಬಿಸಿ ಬಿಸಿಲಾಗ ಬಿಟ್ರ ಮುಚ್ಚಳದ ಹತ್ರ ಒಸರತೈತಿ. ಆಮ್ಯಾಲ ಟ್ರಿಪ್ ಎ (ಬೇಕಾದಾಗ ಜೀರೋ ಮಾಡಿ ಓಡಿದ ಕಿ.ಮೀ. ನೋಡೋ ಮೀಟರ್) ಜೀರೋ ಮಾಡಿ, ಮಗ್ಗಲಿನ ಹೋಟೆಲ್ಲಿನ್ಯಾಗ ಚಾ ಹೇಳಿ, ಚಾ ಬರೋದ್ರಾಗ ನೋಟ್‌ಬುಕ್ಕಿನ್ಯಾಗ ತಾರೀಕು, ಕಿಲೋಮೀಟರ್, ನಡುವ ಹಾಕ್ಸಿದ್ದೂ ಸೇರಿಸಿ ಲೀಟರ್ ಬರದು ಮುಗಸ್ತೀನಿ. ಇದು ನನಗ ದಿನದ ಪೂಜಿ ಇದ್ದಂಗ, ತಪ್ಪಿಸಿದ್ರ ಇಡೀ ತಿಂಗಳು ಸಮಾಧಾನ ಇರಲ್ಲ.

ಆ ಬುಕ್ಕು ಹೇಳೋದು ಇಷ್ಟು: ಲೀಟರಿಗೆ ಊರಾಗ 46 ಕಿ.ಮೀ., ಒಬ್ಬನೇ 60ರ ಸ್ಪೀಡಿನಾಗ ಹೋದ್ರ 50, ಹಿಂದ ಮನೆಯಾಕಿ, ಎರಡು ಬ್ಯಾಗು, 75–80ರ ಸ್ಪೀಡು ಅಂದ್ರ 40. ಆಷಾಢದಾಗ ಗಂಗಾವತಿ, ಕೊಪ್ಪಳ ದಾಟಿ ಗದಗ ಕಡೆ ಹೋದ್ರ 37 ಬಂದಿದ್ದೂ ಐತಿ, ಪಡುವಲ ಗಾಳಿ ಎದೆಗೆ ಹೊಡಿತೈತಿ, ಆ ದಾರ್ಯಾಗ ಗಾಳಿ ಫ್ಯಾನು ನಿಲ್ಲಿಸಿದ್ದು ಸುಮ್ನ ಅಲ್ಲ. ಈಗಿನ ಪೆಟ್ರೋಲಿನಾಗ ನೂರಕ್ಕ 20ರಷ್ಟು ಎಥೆನಾಲ್ ಇರತೈತಿ, ಲೀಟರ್ ಲೆಕ್ಕದಾಗ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮಿ, ಅದಕ್ಕ ಇತ್ತೀಚಿನ ಪುಟದಾಗ ಒಂದೆರಡು ಕಿ.ಮೀ. ಕಮ್ಮಿನೇ ಕಾಣತೈತಿ.

ಇಷ್ಟೆಲ್ಲಾ ಬುಕ್ಕಿನಾಗ ಇದ್ರೂ ಎರಡು ವರ್ಷದ ಹಿಂದ ಯುಗಾದಿ ಮುಂದ ನಾ ಬುಕ್ಕು ಬಿಟ್ಟು ಮೀಟರ್ ನಂಬಿದೆ.

ಯುಗಾದಿಗೆ ನಮ್ಮ ಕಡೆ ಜನ ಶ್ರೀಶೈಲಕ್ಕ ನಡಕೊಂತ ಹೋಗ್ತಾರ, ನಾವಿಬ್ರು ಗಾಡಿ ಮ್ಯಾಲ ಹೋಗೋದು. ಸಿಂಧನೂರು, ಮಾನ್ವಿ, ರಾಯಚೂರು, ಮಂತ್ರಾಲಯ, ಕರ್ನೂಲು, ಆತ್ಮಕೂರು, ದೋರ್ನಾಲ, ಅಲ್ಲಿಂದ ಶ್ರೀಶೈಲ, ಸುಮಾರು 410 ಕಿ.ಮೀ. ಸಿಂಧನೂರಿನ್ಯಾಗ ಫುಲ್ ಮಾಡ್ಸಿದಾಗ ಮೀಟರ್ 452 ತೋರಿಸ್ತು. ಆಂಧ್ರದಾಗ ಲೀಟರಿಗೆ ಐದಾರು ರೂಪಾಯಿ ಹೆಚ್ಚು, ಅದಕ್ಕ ನಮ್ಮ ಕಡೆಯವರು ತುಂಗಭದ್ರಾ ಸೇತುವೆ ದಾಟೋಕಿಂತ ಮುಂಚೆನೇ ಗಿಲ್ಲೇಸುಗೂರು ಹತ್ರ ಹಾಕ್ಸಿಕೊಂಡು ಹೋಗ್ತಾರ. 452 ಇದ್ದಮ್ಯಾಲ ನಡುವ ನಿಲ್ಲೋದು ಯಾಕ, ಅಲ್ಲಿ ಮುಟ್ಟಿದ ಮ್ಯಾಲ ನೋಡೋಣು ಅಂತ ನಾ ಅಲ್ಲೂ ನಿಲ್ಲಲಿಲ್ಲ. ಆತ್ಮಕೂರಿನ್ಯಾಗ 128 ಇತ್ತು, ಹೋಗಬೇಕಾದ್ದು 110 ಚಿಲ್ಲರೆ. ದೋರ್ನಾಲದಾಗ 58, ಹೋಗಬೇಕಾದ್ದು 50ರ ಮ್ಯಾಲ. ಸಂಜಿ ಐದು ದಾಟಿತ್ತು, ರಾತ್ರಿ ಒಂಬತ್ತಕ್ಕ ಕಾಡಿನ ಗೇಟ್ ಹಾಕ್ತಾರ, ಘಾಟಿನಾಗ ಕತ್ತಲ ಆಗೋದು ಬ್ಯಾಡ ಅಂತ ಅಲ್ಲಿನ ಬಂಕೂ ಬಿಟ್ಟು ಹೊಂಟೆ.

ನಲ್ಲಮಲ ಕಾಡಿನಾಗ ಏರು ಶುರು ಆತು ನೋಡ್ರಿ, 58 ಇದ್ದಿದ್ದು 41 ಆತು, ಮುಂದಿನ ಎರಡು ತಿರುವಿನ್ಯಾಗ 23, ಆಮ್ಯಾಲ ನಂಬರೇ ಹೋಗಿ ಎರಡು ಗೀಟು ಬಂದ್ವು. ಶಿಖರ (ಶ್ರೀಶೈಲದ ಗೋಪುರ ಕಾಣೋ ಶಿಖರೇಶ್ವರ ಗುಡ್ಡ) ಇನ್ನೂ ಮೂರ್ನಾಲ್ಕು ಕಿ.ಮೀ. ಇರೋವಾಗ ಗುಕ್ ಗುಕ್ ಅಂದು ನಿಂತು ಬಿಡ್ತು. ಫೋನಿಗೆ ಸಿಗ್ನಲ್ ಇಲ್ಲ, ಎರಡೂ ಕಡೆ ಹುಲಿ ಇರೋ ಕಾಡು, ಮನೆಯಾಕಿ ಮಾತಾಡದ ನನ್ನ ಶರ್ಟಿನ ತೋಳು ಹಿಡಕೊಂಡು ನಿಂತಿದ್ಲು. ಆ ಅರ್ಧ ತಾಸು ನನಗ ಗಾಡಿ ಮ್ಯಾಲ ಬಂದಷ್ಟು ಸಿಟ್ಟು ಮತ್ತ ಯಾವುದರ ಮ್ಯಾಲೂ ಬಂದಿಲ್ಲ. ನಂಬರ್ ಕೊಡಬ್ಯಾಡ್ರಿ ಇಲ್ಲಾಂದ್ರ ಸರಿ ನಂಬರ್ ಕೊಡ್ರಿ, ಇದೊಂದ ಮಾತು ತಲ್ಯಾಗ ತಿರುಗ್ತಿತ್ತು.

ಕಡಿಗೆ ಬಂದು ನಿಂತಿದ್ದು ಒಂದು ಹಳೇ 100 ಸಿಸಿ ಗಾಡಿ. ಲಿಂಗಸುಗೂರು ಕಡೆ ರೈತ, ವಯಸ್ಸು ಅರವತ್ತು ದಾಟಿರಬೇಕು. "ಏನಾತು ತಮ್ಮಾ, ಪೆಟ್ರೋಲ್ ತೀರೇತೇನು? ನೀರಿನ ಬಾಟ್ಲಿ ಐತಿಲ್ಲ, ಖಾಲಿ ಮಾಡು" ಅಂದ. ಕೂತು, ಕಾಕ್ (ಟ್ಯಾಂಕ್ ಕೆಳಗ ಪೆಟ್ರೋಲ್ ಬಿಡೋ ನಲ್ಲಿ) ಆಫ್ ಮಾಡಿ, ಕಾರ್ಬೊರೇಟರಿಗೆ ಹೋಗೋ ಪೈಪ್ ಕಿತ್ತು ಬಾಟ್ಲಿಗೆ ಹಿಡದು, ಕಾಕ್ ತಿರುವಿದ. ಮುಕ್ಕಾಲು ಲೀಟರ್ ಇಳೀತು, ಐದು ನಿಮಿಷನೂ ಆಗಿರಲಿಕ್ಕಿಲ್ಲ. ರೊಕ್ಕ ಕೊಡಾಕ ಹೋದ್ರ ಕೈ ಹಿಂದಕ್ಕ ತಗೊಂಡ, "ಮಲ್ಲಯ್ಯನ ಹಾದ್ಯಾಗ ರೊಕ್ಕ ತಗೊಂಡ್ರ ನನಗ ಚಲೋ ಆಗತೈತೇನಪಾ, ಯವ್ವಾ ನೀನು ಅಂಜಬ್ಯಾಡ, ನಾ ನಿಮ್ಮ ಹಿಂದ ಬರ್ತೀನಿ" ಅಂದ. ನಾ ಪೆಟ್ರೋಲ್ ಹಾಕಿ ಕೀ ನಾಲ್ಕು ಸಲ ಆನ್ ಆಫ್ ಮಾಡಿದ ಮ್ಯಾಲ ಟ್ಯಾಂಕ್ ಒಳಗಿನ ಪೆಟ್ರೋಲ್ ಪಂಪ್ ಸುಂಯ್ ಅಂತ ಎಳೀತು, ಸ್ಟಾರ್ಟ್ ಆತು. ಶಿಖರದ ಮ್ಯಾಲ ನಂದಿ ಕೊಂಬಿನ ನಡುವ ಗೋಪುರ ನೋಡಬೇಕಾದ್ರ ಆ ಕಾಕಾ ನಮ್ಮ ಮಗ್ಗಲಿಗೇ ನಿಂತಿದ್ದ. ಹೆಸರು ಕೇಳೋದೂ ಮರತೆ.

ಬಂದ ಮ್ಯಾಲ ನಮ್ಮ ಮೆಕ್ಯಾನಿಕ್ ಕೂಡಿಸಿಕೊಂಡು ತಿಳಿಸಿ ಹೇಳಿದ. ಆ ನಂಬರ್ ಎರಡು ಅಂದಾಜಿನ ಗುಣಾಕಾರ. ಒಂದು, ಹಿಂದಿನ ಕಿಲೋಮೀಟರಿನ ಸರಾಸರಿ. ಇನ್ನೊಂದು, ಟ್ಯಾಂಕಿನ್ಯಾಗ ತೇಲೋ ಫ್ಲೋಟ್ ಹೇಳೋ ಮಟ್ಟ. ನಾ ಊರಾಗ ನಿಧಾನ ಓಡಿಸಿ 46 ಬಂದಿದ್ದನ್ನ ಅದು ಶ್ರೀಶೈಲದ ಏರಿಗೂ ಹಚ್ಚಿ ಲೆಕ್ಕ ಹಾಕಿತ್ತು. ಏರಿನ್ಯಾಗ ಪೆಟ್ರೋಲ್ ಹಿಂದಕ್ಕ ಸರಿತೈತಿ, ಫ್ಲೋಟ್ ಹೇಳೋದು ಬದಲಾಗತೈತಿ. ಟ್ಯಾಂಕಿನ ಆಕಾರನೂ ಮ್ಯಾಲಿಂದ ಕೆಳಗಿನ ತನಕ ಒಂದೇ ಸಮ ಇಲ್ಲ, ಅದಕ್ಕ ಮೊದಲ ಅರ್ಧ ನಿಧಾನ ಇಳಿದು ಕಡೀದು ದಡದಡ ಇಳೀತೈತಿ.

ಹಳೇ ಗಾಡ್ಯಾಗ ಹಂಗಲ್ಲ. ಕಾಕ್ ಒಳಗ ಎರಡು ದಾರಿ, ಮೇನ್ ಪೈಪ್ ಎತ್ತರಕ್ಕ, ರಿಸರ್ವ್ ದಾರಿ ತಳಕ್ಕ. ಎಂಜಿನ್ ಗುಕ್ಕಂದ್ರ ಕೈ ತಾನಾಗಿ ಕೆಳಗ ಹೋಗಿ ಕಾಕ್ ರಿಸರ್ವಿಗೆ ತಿರುವ್ತಿತ್ತು, ಅಲ್ಲಿಂದ ಎಷ್ಟು ಓಡತೈತಿ ಅಂತ ಎಲ್ಲಾರಿಗೂ ಬಾಯಿಪಾಠ. 2020ರ ಏಪ್ರಿಲ್ ಒಂದರಿಂದ ಬಿಎಸ್6 (ಗಾಡಿ ಹೊಗಿ ಕಡಿಮಿ ಮಾಡೋ ಸರ್ಕಾರದ ನಿಯಮ) ಬಂದ ಮ್ಯಾಲ ಹೆಚ್ಚುಕಡಿಮಿ ಎಲ್ಲಾ ಹೊಸ ಗಾಡಿ ಎಫ್‌ಐ ಆದ್ವು, ಕಾಕ್ ಹೋತು. ಟ್ಯಾಂಕ್ ಒಳಗಿನ ಪಂಪು ಪೆಟ್ರೋಲಿನಾಗ ಮುಳುಗಿದ್ರ ತಂಪಾಗಿ ಇರತೈತಿ, ಒಣಗಿಸಿ ಓಡಿಸಿದ್ರ, ನಿಂತ ಮ್ಯಾಲ ನಾ ಮಾಡಿದಂಗ ಸೆಲ್ಫ್ ಹೊಡಕೊಂತ ಕೂತ್ರ ಅದಕ್ಕ ಪೆಟ್ಟು. ಅವತ್ತಿಂದ ನನ್ನ ಪಂಪ್ ಸಪ್ಪಳ ಸ್ವಲ್ಪ ಜೋರೇ ಐತಿ.

ಈಗ ದೂರ ಹೋಗಬೇಕಾದ್ರ ಆ ನಂಬರ್ ಮ್ಯಾಲ ಕರೇ ಟೇಪ್ ಹಚ್ಚೀನಿ, ಬರೇ ಟ್ರಿಪ್ ಎ ನೋಡ್ತೀನಿ. 40 ಲೆಕ್ಕದಾಗ 10 ಲೀಟರಿಗೆ 400, ಅದ್ರಾಗ ತಳದ ಎರಡು ಲೀಟರ್ ನಂದಲ್ಲ ಅಂತ ಬಿಟ್ಟು 320. ಆದ್ರ 250 ಆದ್ರ ಸಾಕು, ಮುಂದಿನ ಬಂಕಿನಾಗ ಹಾಕ್ಸೋದೇ, ಆಂಧ್ರ ರೇಟ್ ಇದ್ರೂ ಸರಿ, ಆರು ಲೀಟರಿಗೆ ಹೆಚ್ಚಿಗಿ ಹೋಗೋದು ಮೂವತ್ತಾರು ರೂಪಾಯಿ. ಕಾಡು ಶುರು ಆಗೋ ಊರಾಗ ಟ್ಯಾಂಕ್ ಎಷ್ಟೇ ಇರ್ಲಿ ಫುಲ್. ಸರ್ವಿಸ್ ಅನ್ನೋದು ದೂರ ಹೋಗೋ ಹಿಂದಿನ ದಿನ ಮಾಡ್ಸಲ್ಲ, ವಾರ ಮೊದ್ಲು ಮಾಡ್ಸಿ ಮಿಲ್ಲಿಗೆ ಓಡಿಸಿ ನೋಡ್ತೀನಿ, ಏನಾರ ಬಿಚ್ಚಿ ಸರಿ ಹಾಕಿರದಿದ್ರ ಊರಾಗೇ ಗೊತ್ತಾಗ್ಲಿ. ಹಿಂದಿನ ರಾತ್ರಿ ಒಂದು ಸುತ್ತು ಓಡಿಸಿ ಚೈನ್ ಬೆಚ್ಚಗಿರೋವಾಗ ಹಳೇ ಹಲ್ಲಿನ ಬ್ರಷ್ಷಿನಿಂದ ಮಣ್ಣು ತಗದು 90 ನಂಬರ್ ಗೇರ್ ಆಯಿಲ್ ಒಂದೊಂದು ಕೊಂಡಿಗೂ ಹಚ್ಚಿ, ಹೆಚ್ಚಾಗಿದ್ದು ಒರೆಸಿ ಮಲಗ್ತೀನಿ. ಗಾಳಿ ಮಾತ್ರ ಬೆಳಿಗ್ಗೆ ಟೈರ್ ತಣ್ಣಗಿರೋವಾಗ ಸ್ಟಿಕ್ಕರ್ ನೋಡಿ ಹೊಡಸೋದು, ಇಬ್ರು ಕುಂದ್ರೋದಾದ್ರ ಹಿಂದಿನದಕ್ಕ ಇಬ್ರ ಲೆಕ್ಕ.

ಇಷ್ಟು ಬೈದ ಮ್ಯಾಲ ಒಂದು ಮಾತು ಹೇಳಲೇಬೇಕು, ಎಂಜಿನ್ ಬಗ್ಗೆ ನನಗ ಒಂದೂ ದೂರಿಲ್ಲ. ಹೋದ ಯುಗಾದಿಗೆ ಹೋಗಿ ಬರೋದು 820 ಕಿ.ಮೀ., ಒಮ್ಮೆಯೂ ಗೊಣಗಲಿಲ್ಲ, ಸರಾಸರಿ 40.6 ಬಂತು, ಅದರ ಹಿಂದಿನ ವರ್ಷ 40.3. ಗಾಡಿ ತನ್ನ ಮಾತಿಗೆ ತಪ್ಪಿಲ್ಲ, ತಪ್ಪಿದ್ದು ಅದರ ಮೀಟರ್. ನಿಮ್ಮದೂ ನನ್ನಂಗ ದಿನಾ ಓಡಾಟ, ವರ್ಷಕ್ಕೊಮ್ಮೆ ದೂರ ಪ್ರಯಾಣ ಆದ್ರ ತಗೋರಿ, ಬರಿಯೋ ರೂಢಿ ಇಲ್ಲದವರು ಇನ್ನೂ ದೊಡ್ಡ ಟ್ಯಾಂಕಿನ ಗಾಡಿ ನೋಡ್ರಿ.

ಒಂದು ಸಂಕಟ ಉಳದೈತಿ. ಆ ಕಾಕಾ ನನಗ ಕೊಟ್ಟಂಗ ನನ್ನ ಗಾಡಿಯಿಂದ ನಾ ಇನ್ನೊಬ್ರಿಗೆ ಕೊಡಾಕ ಬರಲ್ಲ, ಎಫ್‌ಐ ಪೈಪ್ ಪ್ರೆಷರ್‌ನ್ಯಾಗ ಇರತೈತಿ, ದಾರ್ಯಾಗ ಬಿಚ್ಚೋ ವಸ್ತು ಅಲ್ಲ. ಅದಕ್ಕ ಬಾಯಿಂದ ಎಳಿಯೋದು ಬ್ಯಾಡ ಅಂತ ರಬ್ಬರ್ ಉಂಡಿ ಇರೋ ಕೈ ಪಂಪ್ ಒಂದು ತಂದು ಸೀಟ್ ಕೆಳಗ ಇಟ್ಟೀನಿ. ಹೋದ ತಿಂಗಳು ಮಾನ್ವಿ ಈಚೆ ಕಾಲೇಜ್ ಹುಡುಗ ಒಬ್ಬ ಗಾಡಿ ನೂಕಿಕೊಂತ ಬರ್ತಿದ್ದ. ಮುಚ್ಚಳ ತಗದು ಅದರಲೇ ಅರ್ಧ ಲೀಟರ್ ಎಳದು ಕೊಟ್ಟೆ. ಅಂವ ಫೋನ್ ಪೇ ಮಾಡ್ತೀನಿ ಅಂಕಲ್ ಅಂತ ನಂಬರ್ ಕೇಳಿದ, ನಾ ಕೊಡಲಿಲ್ಲ.