ಜಯನಗರದ ಕ್ಲಿನಿಕ್ಕಿನಲ್ಲಿ ಕೆಟಮಿನ್ ಚಿಕಿತ್ಸೆ: ಹೃದಯದ ವಿಷಯದಲ್ಲಿ ಎಷ್ಟು ಎಚ್ಚರ?

ಯಾವ ಮಾತ್ರೆಗೂ ಬಗ್ಗದ ಖಿನ್ನತೆಗೆ ಮನೋವೈದ್ಯರು ಕೆಟಮಿನ್ ಡ್ರಿಪ್ ಸೂಚಿಸಿದ್ದರಿಂದ, ನನ್ನ ಅಕ್ಕನ ಜೊತೆ ಜಯನಗರದ ಖಾಸಗಿ ಕ್ಲಿನಿಕ್ಕೊಂದಕ್ಕೆ ಹೋಗಿಬರುತ್ತಿದ್ದೇನೆ. ಅಕ್ಕನಿಗೆ ಮೊದಲಿನಿಂದಲೂ ಬಿಪಿ ಇದೆ. ಆದ್ದರಿಂದ ಮನಸ್ಸಿಗೆ ಎಷ್ಟು ಗುಣ ಸಿಕ್ಕಿತು ಎಂಬುದನ್ನು ಬದಿಗಿಟ್ಟು, ಹೃದಯದ ಸುರಕ್ಷತೆಯ ವಿಷಯದಲ್ಲಿ ಇಲ್ಲಿನವರ ನಡವಳಿಕೆಯನ್ನಷ್ಟೇ ಬರೆಯುತ್ತೇನೆ.

1970ರಲ್ಲಿ ಅಮೆರಿಕದಲ್ಲಿ ಅರಿವಳಿಕೆಯಾಗಿ ಒಪ್ಪಿಗೆ ಪಡೆದ ಕೆಟಮಿನ್ ನಮ್ಮ ಆಪರೇಷನ್ ಥಿಯೇಟರುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅರಿವಳಿಕೆಯ ಹಲವು ಔಷಧಗಳು ಬಿಪಿಯನ್ನು ಇಳಿಸಿದರೆ, ಇದು ಅಪಾಯದ ಹೊತ್ತಿನಲ್ಲಿ ದೇಹವನ್ನು ಸಜ್ಜುಗೊಳಿಸುವ ಸಿಂಪಥೆಟಿಕ್ ನರವ್ಯೂಹವನ್ನು ಕೆರಳಿಸಿ ಬಿಪಿಯನ್ನೂ ಎದೆಬಡಿತವನ್ನೂ ಏರಿಸುತ್ತದೆ. ಖಿನ್ನತೆಗೆ ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ 0.5 ಮಿಲಿಗ್ರಾಂನಂತೆ, ಸುಮಾರು 40 ನಿಮಿಷಗಳ ಅವಧಿಯಲ್ಲಿ ಕೊಡುವ ಪ್ರಮಾಣ ಅರಿವಳಿಕೆಯದಕ್ಕಿಂತ ಕಡಿಮೆಯಾದರೂ, ಬಿಪಿ ತಾತ್ಕಾಲಿಕವಾಗಿ ಏರುವುದುಂಟು.

ಡ್ರಿಪ್‌ಗೆ ಮುಂಚಿನ ತಪಾಸಣೆಗೆ ಪೂರ್ತಿ ಅಂಕ ಕೊಡುತ್ತೇನೆ. ಮೊದಲ ಭೇಟಿಯಲ್ಲೇ ಇಸಿಜಿ ತೆಗೆದರು. ಹೃದಯಾಘಾತ, ಪಾರ್ಶ್ವವಾಯು, ರಕ್ತನಾಳದ ಉಬ್ಬು ಹಿಂದೆ ಕಂಡಿತ್ತೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಒಮ್ಮೆ ಬೆಳಿಗ್ಗೆ ಬಿಪಿ 158/96 ಬಂದಾಗ ನರ್ಸ್, "ಅಮ್ಮಾ, ಇವತ್ತು ಬಿಪಿ ಮಾತ್ರೆ ತಗೊಂಡ್ರಾ?" ಎಂದರು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿದ್ದಕ್ಕೆ ಅಕ್ಕ ಮಾತ್ರೆಯನ್ನೂ ಬಿಟ್ಟಿದ್ದರು. ವೈದ್ಯರು ಅಂದು ಡ್ರಿಪ್ ಹಾಕದೆ, ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿಯೇ ಬರುವಂತೆ ಹೇಳಿ, ಹಣ ಪಡೆಯದೆ ಬೇರೆ ದಿನ ಕೊಟ್ಟರು. ಡ್ರಿಪ್ ನಡೆಯುವಾಗ ತೋಳಿನ ಪಟ್ಟಿ ಆಗಾಗ ತಾನಾಗಿ ಬಿಗಿಯುತ್ತಿತ್ತು, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಇರುತ್ತಿತ್ತು, ನರ್ಸ್ ಕೊಠಡಿ ಬಿಟ್ಟು ಕದಲುತ್ತಿರಲಿಲ್ಲ.

ಆಮೇಲಿನ ವ್ಯವಸ್ಥೆಗೆ ಈ ಮಾತು ಹೇಳಲಾರೆ. ಇದೇ ಔಷಧದ ಬಳಗಕ್ಕೆ ಸೇರಿದ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ 2019ರಲ್ಲಿ ಒಪ್ಪಿಗೆ ಕೊಟ್ಟ ಅಮೆರಿಕದಲ್ಲಿ, ಸ್ಪ್ರೇ ಕೊಟ್ಟ ಮೇಲೆ ಕನಿಷ್ಠ 2 ಗಂಟೆ ನಿಗಾದಲ್ಲಿಡಬೇಕೆಂಬ ನಿಯಮವಿದೆ. ಇಲ್ಲಿಯೋ, ಮುಂದಿನ ರೋಗಿ ಕಾಯುತ್ತಿದ್ದಾರೆಂದು ಗಂಟೆ ತುಂಬುವ ಮೊದಲೇ ಹಾಸಿಗೆ ಬಿಡಿಸುವ ಅವಸರ. ಇನ್ನೊಮ್ಮೆ ಬಿಪಿ ನೋಡದೆ ಆಟೊ ಹತ್ತಿಸುವುದಿಲ್ಲವೆಂದು ನಾನು ಹಟ ಹಿಡಿದ ಮೇಲಷ್ಟೇ ನೋಡಿದರು.

ಅವರ ಬಣ್ಣದ ಕರಪತ್ರವಂತೂ ಇನ್ನಷ್ಟು ಬೇಸರ ತರಿಸಿತು. "ಸೈಕೆಡೆಲಿಕ್ ಚಿಕಿತ್ಸೆ ಹೃದಯಕ್ಕೆ ಸುರಕ್ಷಿತ" ಎಂಬ ತಲೆಬರಹದಡಿ ಕೆಟಮಿನ್, ಸೈಲೊಸೈಬಿನ್ (ಕೆಲವು ಅಣಬೆಗಳಲ್ಲಿರುವ ವಸ್ತು), ಎಂಡಿಎಂಎ (ಎಕ್ಸ್ಟಸಿ ಎಂಬ ಮಾದಕವಸ್ತು), ಐಬೊಗೇನ್ (ಆಫ್ರಿಕದ ಗಿಡವೊಂದರಿಂದ ಬರುವ ವಸ್ತು) ಹೀಗೆ ಮನಸ್ಸಿನ ಅನುಭವವನ್ನು ಬದಲಿಸುವ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ್ದಾರೆ. ಐಬೊಗೇನ್ ಹೃದಯದ ವಿದ್ಯುತ್ ಚಲನೆಯಲ್ಲಿ ಕ್ಯೂಟಿ ಅವಧಿಯನ್ನು, ಅಂದರೆ ಪ್ರತಿ ಬಡಿತಕ್ಕೂ ಹೃದಯದ ಕೆಳಕೋಣೆಗಳು ಕೆರಳಿ ಮತ್ತೆ ಸಜ್ಜಾಗಲು ಹಿಡಿಯುವ ಸಮಯವನ್ನು, ಹಿಗ್ಗಿಸಿ ಲಯ ತಪ್ಪಿಸಬಲ್ಲದು, ಅದರಿಂದ ಸಾವುಗಳೂ ವರದಿಯಾಗಿವೆ. ಎಂಡಿಎಂಎ ಬಿಪಿ ಏರಿಸುತ್ತದೆ. ಸೈಲೊಸೈಬಿನ್‌ನ ಪ್ರಶ್ನೆ ಬೇರೆ: ಅದು ಕೆಣಕುವ ಗ್ರಾಹಕಗಳಲ್ಲಿ ಹೃದಯದ ಕವಾಟಗಳಲ್ಲಿರುವ ಸೆರೊಟೋನಿನ್ 2ಬಿ ಗ್ರಾಹಕವೂ (ಸೆರೊಟೋನಿನ್ ಎಂಬ ರಾಸಾಯನಿಕ ಬಂದು ಅಂಟುವ ತಾಣ) ಒಂದು, ಇದನ್ನು ದೀರ್ಘಕಾಲ ಕೆಣಕಿದರೆ ಕವಾಟ ದಪ್ಪವಾಗಬಹುದೆಂಬುದು 1997ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದ ತೂಕ ಇಳಿಸುವ ಔಷಧ ಫೆನ್‌ಫ್ಲುರಮಿನ್‌ನಿಂದ ಗೊತ್ತಾದ ಸಂಗತಿ. ಆದ್ದರಿಂದ ಎಂದೋ ಒಮ್ಮೆ ಕೊಡುವ ದೊಡ್ಡ ಪ್ರಮಾಣಕ್ಕಿಂತ, ದಿನ ಬಿಟ್ಟು ದಿನ ತಿಂಗಳುಗಟ್ಟಲೆ ನುಂಗುವ ಸಣ್ಣ ಪ್ರಮಾಣದ ಬಗ್ಗೆಯೇ ಅಲ್ಲಿ ಆತಂಕ ಹೆಚ್ಚು. ಈ ಕ್ಲಿನಿಕ್ ಕೊಡುವುದು ಕೆಟಮಿನ್ ಒಂದನ್ನೇ. ಉಳಿದವುಗಳ ಹೆಸರು ಕರಪತ್ರದಲ್ಲಿ ಏಕೆ ಬೇಕಿತ್ತೋ ಅವರೇ ಹೇಳಬೇಕು.

ಬಿಪಿ ಹತೋಟಿಯಲ್ಲಿರುವವರು ಜೊತೆಗೊಬ್ಬರನ್ನು ಕರೆದುಕೊಂಡು ಇಲ್ಲಿಗೆ ಹೋಗಬಹುದು. ಇಲ್ಲಿ ಹೃದ್ರೋಗ ತಜ್ಞರಿಲ್ಲದ ಕಾರಣ, ಹೃದಯದ ತೊಂದರೆ ಇರುವವರು ತಮ್ಮ ಹೃದ್ರೋಗ ವೈದ್ಯರ ಪತ್ರವನ್ನು ಮೊದಲೇ ಪಡೆದಿರಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿಯ ಅಂಕಿಗಳನ್ನು ಬರೆಯುವ ರೂಢಿ ಇವರಿಗಿಲ್ಲ. ಕೇಳಿದರೆ ನರ್ಸ್ ಮಾನಿಟರ್ ನೋಡಿ ಚೀಟಿಯ ಹಿಂಬದಿಯಲ್ಲಿ ಬರೆದುಕೊಡುತ್ತಾರೆ.